ಬಸವಂತಮ್ಮನ ಕಂಚಿಕಾಯಿ ಭರಣಿ

ಮಾನ್ವಿಯ ಅಕ್ಕಿ ಮಿಲ್ಲಿನ ಕೊಟ್ರೇಶನ ಹೆಂಡತಿ ಬಸವಂತಮ್ಮ ಈ ವರ್ಷದ ಚೈತ್ರದಲ್ಲಿ ತೀರಿಕೊಂಡಳು. ಮಣ್ಣಿಗೆ ಬಂದವರ ಬಾಯಲ್ಲೆಲ್ಲ ಒಂದೇ ಮಾತು: ಇನ್ನು ಅಂಥ ಕಂಚಿಕಾಯಿ ಉಪ್ಪಿನಕಾಯಿ ಎಲ್ಲಿ ಸಿಗಬೇಕು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಸತ್ತವರ ಬಗ್ಗೆ ಒಳ್ಳೆಯದು ಆಡಬೇಕೆಂದು ಆಡಿದ್ದು, ನಿಜವೂ ಆಗಿತ್ತು. ಆದರೆ ಅದೇ ಬಸವಂತಮ್ಮ ದೇವದುರ್ಗದ ಹೈಸ್ಕೂಲಿನಲ್ಲಿ ಪುಸ್ತಕ ನೋಡದೆ ಕರಿಹಲಗೆಯ ಮೇಲೆ ನಕ್ಷೆ ಬರೆಯುತ್ತಿದ್ದಳೆಂಬುದು ಅಲ್ಲಿದ್ದವರಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಆಕೆ ಸಂಘಮಿತ್ರಾ. ಬಸವಂತಮ್ಮನ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಓದಿದವಳು, ಈಗ ರಾಯಚೂರಿನಲ್ಲಿ ವಿಜ್ಞಾನದ ಟೀಚರು. ಆಕೆ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು.

ಕಂಚಿಕಾಯಿ ನಿಂಬೆಗೆ ದೊಡ್ಡಣ್ಣನಂಥ ಹಣ್ಣು. ಒಂದು ಮುಷ್ಟಿಗೆ ಹಿಡಿಸುವುದಿಲ್ಲ. ಸಿಪ್ಪೆ ದಪ್ಪ, ಮೈಯೆಲ್ಲ ಗಂಟು. ಹುಳಿ ಹಲ್ಲನ್ನು ಜುಮ್ಮೆನ್ನಿಸುತ್ತದೆ, ಅದರ ಹಿಂದೆಯೇ ಸಣ್ಣ ಕಹಿ ಬರುತ್ತದೆ. ಗಡಿಯಾಚೆಯ ತೆಲುಗಿನವರು ದಬ್ಬಕಾಯಿ ಎನ್ನುತ್ತಾರೆ. ಹಾಗೆಯೇ ಕಚ್ಚಿ ತಿನ್ನುವವರು ಯಾರೂ ಇಲ್ಲ, ಎಸೆಯುವವರೂ ಯಾರೂ ಇಲ್ಲ. ರಸವನ್ನು ಬೇಸಿಗೆಯಲ್ಲಿ ಬೆಲ್ಲದ ಪಾನಕಕ್ಕೆ ಹಿಂಡುತ್ತಾರೆ, ಉಳಿದ ಅನ್ನಕ್ಕೆ ಕಲಸುತ್ತಾರೆ. ಎಲೆಯನ್ನು ಮಜ್ಜಿಗೆಗೆ ಹರಿದು ಹಾಕುತ್ತಾರೆ. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರು ಹಣ್ಣನ್ನು ಮೂಗಿನ ಹತ್ತಿರ ಹಿಡಿದುಕೊಂಡು ಲಿಂಗಸುಗೂರಿನವರೆಗೂ ಹೋಗಿಬರುತ್ತಾರೆ. ಹಿಂಡಿದ ಹೋಳುಗಳನ್ನು ಮಿಲ್ಲಿನ ಅಂಗಳದಲ್ಲಿ ಭತ್ತ ಹರವುವ ಖಾಸಿಂ ಬೀ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ತಾಮ್ರದ ಕೊಡ ತಿಕ್ಕುತ್ತಿದ್ದಳು. ಗಿಡ ಇದ್ದದ್ದು ಮಿಲ್ಲಿನ ಹಿಂದಿನ ಬಾವಿಯ ಪಕ್ಕದಲ್ಲಿ.

ಎರಡು ಬಗೆಯ ಹಣ್ಣು ಬೆರೆತು ಹುಟ್ಟಿದ ಗಿಡ ಇದು ಎಂದು ಸಂಘಮಿತ್ರಾ ಒಮ್ಮೆ ಅದರ ಕೆಳಗೆ ನಿಂತು ವಿವರಿಸಿದ್ದಳು.

"ಎರಡು ಜಾತಿ ಕೂಡಿ ಹುಟ್ಟೇದಂತೀಯಾ?" ಬಸವಂತಮ್ಮ ಕೇಳಿದಳು.

"ಹೂಂ. ಅದಕ್ಕ ಇಷ್ಟು ಗಟ್ಟಿ ಅದ."

"ಲೇ ಸಂಘೀ, ಮೆಲ್ಲಕ ಮಾತಾಡು. ನಮ್ಮತ್ತಿ ಕಿವಿಗಿ ಬಿದ್ರ ನಾಳಿ ಗಿಡಾನ ಕಡಿಸ್ತಾಳ."

ಇಬ್ಬರೂ ಬಾವಿಕಟ್ಟೆಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಸಂಘಮಿತ್ರಾಳ ಅಪ್ಪ ದೇವದುರ್ಗದಲ್ಲಿ ಹಮಾಲಿ ಮಾಡುತ್ತಿದ್ದವನು. ಮಿಲ್ಲಿನ ಮನೆಯಲ್ಲಿ ಅವಳಿಗೆ ಪಡಸಾಲೆಯವರೆಗೆ ದಾರಿ, ಹಿತ್ತಲವರೆಗೆ ದಾರಿ. ಅಡುಗೆಮನೆಗೆ ಇರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಬಸವಂತಮ್ಮನ ತವರು ಗೂಗಲ್, ಕೃಷ್ಣೆಯ ದಂಡೆಯ ಊರು. ಅಲ್ಲಿಂದ ದೇವದುರ್ಗದ ಸೋದರತ್ತೆಯ ಮನೆಗೆ ಬಂದು ಹೈಸ್ಕೂಲು, ಪಿಯುಸಿ ಓದಿದಳು. ಊರಿನಿಂದ ಬರುವಾಗ ಕಂಚಿಕಾಯಿಯ ಹೋಳಿಗೆ ಉಪ್ಪು ಖಾರ ಸವರಿ ಕಾಗದದಲ್ಲಿ ಸುತ್ತಿ ತರುತ್ತಿದ್ದಳು. ಪಾಠ ನಡೆಯುವಾಗ ಬೆಂಚಿನ ಕೆಳಗೆ ಇಬ್ಬರೂ ಚೀಪುತ್ತಿದ್ದರು. ಟೀಚರ್ ಟ್ರೇನಿಂಗಿಗೆ ಇಬ್ಬರೂ ಅರ್ಜಿ ಹಾಕಿದರು, ಇಬ್ಬರಿಗೂ ರಾಯಚೂರಿನಲ್ಲಿ ಸೀಟು ಬಂತು. ಸಂಘಮಿತ್ರಾ ಹೋದಳು. ಬಸವಂತಮ್ಮನಿಗೆ ಆ ಬೇಸಿಗೆಯಲ್ಲೇ ಮಾನ್ವಿಯ ಸಂಬಂಧ ಕೂಡಿಬಂತು. ಟ್ರೇನಿಂಗನ್ನು ಮದುವೆಯಾದ ಮೇಲೂ ಮಾಡಬಹುದೆಂದು ಹಿರಿಯರು ಹೇಳಿದರು. ಹೇಳುವಾಗ ಅವರು ಸುಳ್ಳು ಹೇಳಿರಲಿಲ್ಲ, ಆಮೇಲೆ ಆ ಮಾತು ಯಾರ ನೆನಪಿಗೂ ಬರಲಿಲ್ಲ ಅಷ್ಟೆ.

ಮಿಲ್ಲಿನ ಮನೆಯ ಉಪ್ಪಿನಕಾಯಿ ಮನೆಯೊಳಗೆ ಮುಗಿಯುವಂಥದಲ್ಲ. ಹಮಾಲರ ಮಧ್ಯಾಹ್ನದ ರೊಟ್ಟಿಗೆ ಹೋಗಬೇಕು, ಮಠದ ದಾಸೋಹಕ್ಕೆ ಹೋಗಬೇಕು, ಬೀಗರ ಮದುವೆಗೆ ಹೋಗಬೇಕು. ಬಸವಂತಮ್ಮ ಸೊಸೆಯಾಗಿ ಬರುವ ಹಿಂದಿನ ಎರಡು ವರ್ಷ ಅತ್ತೆ ಗುರುಶಾಂತಮ್ಮ ಹಾಕಿದ ಭರಣಿಗಳಿಗೆ ಬೂಸು ಹಿಡಿದಿತ್ತು. ಗುರುಶಾಂತಮ್ಮ ಮಡಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹೊಸ ನೀರು ಸೇದಿ ಕಾಯಿ ತೊಳೆದು, ಆ ನೀರು ಆರುವ ಮೊದಲೇ ಹೆಚ್ಚಿ ಉಪ್ಪು ಹಾಕಿಬಿಡುತ್ತಿದ್ದಳು, ನಡುವೆ ಯಾರ ಕೈಯೂ ತಾಗಬಾರದೆಂದು. ಎರಡು ವರ್ಷ ಕೆಟ್ಟ ಮೇಲೆ ತನ್ನ ಕೈಯಲ್ಲೇ ಏನೋ ದೋಷ ಬಂದಿದೆ ಎಂದುಕೊಂಡಳು. ಮೂರನೆಯ ವರ್ಷ, "ಹೊಸಾ ಕೈ ನೋಡೂಣು" ಎಂದು ಸೊಸೆಗೆ ಬಿಟ್ಟಳು.

ಹತ್ತೊಂಬತ್ತರ ಬಸವಂತಮ್ಮ ಅತ್ತೆ ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಮಾಡಿದಳು. ಒಂದನ್ನು ಮಾತ್ರ ಗೂಗಲ್ಲಿನ ರೂಢಿಯಂತೆ ಮಾಡಿದಳು. ತೊಳೆದ ಕಾಯಿಗಳನ್ನು ಒಣ ಅರಿವೆಯಿಂದ ಒಂದೊಂದಾಗಿ ಒರೆಸಿ, ಮರುದಿನದವರೆಗೆ ನೆರಳಲ್ಲಿ ಹರವಿಟ್ಟಳು. ಗುರುಶಾಂತಮ್ಮ ಮಠಕ್ಕೆ ಹೋದವಳು ರಾತ್ರಿ ಅಲ್ಲೇ ಉಳಿದಿದ್ದಳು, ನೋಡಲಿಲ್ಲ. ತಿಂಗಳು ಬಿಟ್ಟು ಭರಣಿ ಬಿಚ್ಚಿದಾಗ ಹೋಳುಗಳು ಹೊಳೆಯುತ್ತಿದ್ದವು. ಹುಳಿ ಮೆಂತ್ಯದ ವಾಸನೆ ಪಡಸಾಲೆಗೂ ಬಂತು. ನೆರೆಹೊರೆಯ ಹೆಂಗಸರನ್ನು ಕರೆದು ಗುರುಶಾಂತಮ್ಮ ಹೇಳಿದಳು: "ನೋಡ್ರವ್ವಾ, ನನ್ನ ಸೊಸಿ ಕೈ ಭರಣಿಗಿ ಕೂಡ್ಯದ."

ಆ ಮನೆಯಲ್ಲಿ ಅಲ್ಲಿಯವರೆಗೆ ಅವಳನ್ನು ಯಾರೂ ಹೊಗಳಿರಲಿಲ್ಲ. ಗೂಗಲ್ಲಿನಾಕೆ ಎಂದೇ ಕರೆಯುತ್ತಿದ್ದರು. ಇದು ಕೈಯದಲ್ಲ, ಒರೆಸಿದ್ದರಿಂದ ನಿಂತಿತು ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನ ಮಠದ ಅಯ್ಯನವರು ಬಂದರು, ರುಚಿ ನೋಡಿದರು, ಕೈಯನ್ನೇ ಹೊಗಳಿದರು. ಅದರ ಮರುದಿನ ಹೇಳಿದ್ದರೆ ಅತ್ತೆಯ ಮಾತನ್ನೂ ಅಯ್ಯನವರ ಮಾತನ್ನೂ ಸುಳ್ಳು ಮಾಡಿದಂತಾಗುತ್ತಿತ್ತು. ಅಲ್ಲಿಗೆ ಆ ಮಾತು ಹಿಂದೆ ಬಿತ್ತು.

ಹೊಗಳಿಕೆ ಒಂದೆರಡು ವರ್ಷದಲ್ಲಿ ಕಟ್ಟಳೆಯಾಯಿತು. ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಕೈಯೇ ಅದನ್ನು ಬಿಚ್ಚಬೇಕು, ಬೇರೆ ಕೈ ತಾಗಿದರೆ ಕೆಡುತ್ತದೆ. ಕಾಯಿ ತೊಳೆದಾಗಿನಿಂದ ಭರಣಿಗೆ ತುಂಬುವವರೆಗೆ ಆ ಕೋಣೆಗೆ ಬೇರೆ ಯಾರೂ ಕಾಲಿಡಬಾರದು. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಬಸವಂತಮ್ಮ ಬಿಚ್ಚಿ, ಬೇಕಾದಷ್ಟು ತೆಗೆದು, ತಿರುಗಿ ಕಟ್ಟಬೇಕು. ಹೊರಗೆ ತೆಗೆದದ್ದು ಆ ದಿನಕ್ಕೆ ಮಾತ್ರ. ನಿನ್ನೆ ತೆಗೆದಿಟ್ಟದ್ದನ್ನು ಗುರುಶಾಂತಮ್ಮ ಮುಟ್ಟುತ್ತಿರಲಿಲ್ಲ. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎಂದು ಹೆಮ್ಮೆಯಿಂದ ಹೇಳುವ ಮನೆ ಅದು. ಆ ಮನೆಯ ಎಲ್ಲ ಸೂತಕಗಳೂ ಬಂದು ಭರಣಿಯ ಕೋಣೆಯಲ್ಲಿ ಸೇರಿದ್ದವು.

ಹೀಗಾಗಿ ಬಸವಂತಮ್ಮ ಒಂದು ಮಧ್ಯಾಹ್ನದಿಂದ ಇನ್ನೊಂದು ಮಧ್ಯಾಹ್ನದವರೆಗೆ ಎಷ್ಟು ದೂರ ಹೋಗಿಬರಲಾದೀತೋ ಅಷ್ಟೇ ದೂರ ಹೋದಳು. ಹೆರಿಗೆಗೆ ತವರಿಗೆ ಕಳಿಸಲಿಲ್ಲ, ತಾಯಿಯನ್ನೇ ಮಾನ್ವಿಗೆ ಕರೆಸಿದರು. ಆ ತಾಯಿ ತೀರಿಕೊಂಡಾಗ ಗೂಗಲ್ಲಿಗೆ ಹೋಗಿ ಮಣ್ಣು ಮುಗಿಸಿ ಮರುದಿನ ಊಟದ ಹೊತ್ತಿಗೆ ತಿರುಗಿ ಬಂದು, ಸ್ನಾನ ಮಾಡಿ ಭರಣಿಯ ಮುಂದೆ ಕುಳಿತಳು. ಯಾರೂ ಬಾಗಿಲು ಹಾಕಿರಲಿಲ್ಲ. ಕೊಟ್ರೇಶ ಸಿಡುಕುವ ಗಂಡನೂ ಅಲ್ಲ. "ಎಲ್ಲಿಗಿ ಬೇಕಾದ್ರ ಹೋಗಿ ಬಾ, ಕಾರ್ ಅದ" ಎನ್ನುತ್ತಿದ್ದ. ಬೆನ್ನಿಗೇ, "ಮಧ್ಯಾಹ್ನದೊಳಗ ಬಂದಬಿಡು" ಎನ್ನುತ್ತಿದ್ದ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಸಂಘಮಿತ್ರಾ ಒಂದು ಸುದ್ದಿ ಹಿಡಿದುಕೊಂಡು ಬಂದಳು. ರಾಯಚೂರಿನ ಒಂದು ಮಹಿಳಾ ಒಕ್ಕೂಟದವರು ಹಳ್ಳಿಯ ಹೆಂಗಸರಿಗೆ ಉಪ್ಪಿನಕಾಯಿ, ಪಾನಕ ಕಲಿಸುವ ಹದಿನೈದು ದಿನದ ತರಬೇತಿ ಇಟ್ಟಿದ್ದರು, ಸಂಕ್ರಾಂತಿ ಕಳೆದ ಮೇಲೆ. ಕಲಿಸುವವರು ಬೇಕಾಗಿತ್ತು. ಸಂಘಮಿತ್ರಾ ಗೆಳತಿಯ ಹೆಸರು ಕೊಟ್ಟುಬಿಟ್ಟಿದ್ದಳು.

"ನನ್ನನ್ನ? ಕಲಸಾಕ?"

"ಮತ್ತೇನು, ಭಾಂಡಿ ತಿಕ್ಕಾಕ ಕರಿತಾರೇನು? ಬೋರ್ಡು, ಚಾಕ್‌ಪೀಸು ಎಲ್ಲಾ ಕೊಡ್ತಾರ. ಟೀಚರ್ ಅಂತ ಕರಿತಾರ."

"ಹುಚ್ಚಿ ಅದೀ ನೀ."

ಹಾಗೆ ಅಂದಳೇ ಹೊರತು ಅವತ್ತಿಡೀ ಬಸವಂತಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂವತ್ತು ವರ್ಷದ ಹಿಂದೆ ಕೈತಪ್ಪಿದ್ದು ಹದಿನೈದು ದಿನದ ಮಟ್ಟಿಗಾದರೂ ತಿರುಗಿ ಬಾಗಿಲಿಗೆ ಬಂದಿತ್ತು. ಎಲ್ಲಿಗಾದರೂ ಹೋಗಬೇಕೆಂದು ಅವಳಿಗೆ ಎಂದೂ ಇಷ್ಟು ಅನಿಸಿರಲಿಲ್ಲ. ಸಂಜೆ ಅತ್ತೆಯ ಕಾಲು ಒತ್ತುತ್ತ ಕೇಳಿದಳು.

ಗುರುಶಾಂತಮ್ಮನಿಗೆ ಎಂಬತ್ತು ದಾಟಿತ್ತು. "ಹೋಗು ಯವ್ವಾ, ಯಾರ ಬ್ಯಾಡಂದ್ರು?" ಎಂದಳು. ಇನ್ನೊಂದು ಕಾಲು ಚಾಚುತ್ತ, "ಭರಣಿನ್ನ ಏನ ಮಾಡ್ತೀ?" ಎಂದಳು.

ಮೂವತ್ತು ವರ್ಷ ನುಂಗಿಕೊಂಡ ಮಾತನ್ನು ಬಸವಂತಮ್ಮ ಮರುದಿನ ಊಟದ ಹೊತ್ತಿನಲ್ಲಿ ಹೊರಗೆ ಹಾಕಿದಳು. ಗಂಡ, ಅತ್ತೆ ಇಬ್ಬರೂ ತಾಟಿನ ಮುಂದೆ ಕುಳಿತಿದ್ದರು. ಖಾಸಿಂ ಬೀ ಹಿತ್ತಲ ಬಾಗಿಲಲ್ಲಿ ಸಿಪ್ಪೆಗಾಗಿ ಕಾದಿದ್ದಳು.

"ಅತ್ತೀ, ನನ್ನ ಕೈಯಾಗ ಏನೂ ಇಲ್ರಿ. ತೊಳದ ಕಾಯಿನ್ನ ಒಣಾ ಅರಿವೀಲೆ ಒರಿಸಿ ನೆಳ್ಳಾಗ ಆರಾಕ ಹಾಕ್ತೀನಿ. ಹಸಿ ಕಾಯಿಗಿ ನೀರಿನ ಪಸಿ ಇದ್ರ ಬೂಸ ಹಿಡಿತದ. ಅಷ್ಟರಿ. ಮೊದಲನೇ ವರ್ಷನ ಹೇಳಬೇಕಾಗಿತ್ತು, ಹೇಳಲಿಲ್ಲ. ಯಾರ ಒರಿಸಿ ಹಾಕಿದ್ರೂ ನಿಲ್ತದ."

ಗುರುಶಾಂತಮ್ಮ ತುತ್ತು ಹಿಡಿದುಕೊಂಡೇ ನಕ್ಕಳು. "ಕೇಳಿದ್ಯಾ ಕೊಟ್ರ್ಯಾ? ಇಷ್ಟು ವರ್ಷಾದ್ರೂ ಸೊಕ್ಕ ಬರಲಿಲ್ಲ ನೋಡು ಈಕಿಗಿ. ಒರಿಸಿದ್ರ ಉಪ್ಪಿನಕಾಯಿ ನಿಲ್ಲಂಗಿದ್ರ ಮಾನ್ವ್ಯಾಗಿನ ಅರಿವಿ ಅಂಗಡಿಯವರೆಲ್ಲ ಉಪ್ಪಿನಕಾಯಿನ ಮಾರ್ತಿದ್ರು!"

ಕೊಟ್ರೇಶನೂ ನಕ್ಕ. ಬಾಗಿಲಲ್ಲಿದ್ದ ಖಾಸಿಂ ಬೀ ಕೆನ್ನೆ ಬಡಿದುಕೊಂಡಳು. "ತೋಬಾ ತೋಬಾ, ಹಂಗ ಅನಬ್ಯಾಡ್ರಿ ಅಮ್ಮಾರ. ನಿಮ್ದು ಬರಕತ್ತಿನ ಕೈ. ನಿಮ್ಮ ದೃಷ್ಟಿನ ನಿಮಗ ತಾಕ್ತದ."

ನಿಜವನ್ನು ಹೇಳಿದರೆ ವಿನಯ ಎಂದು ತಿಳಿದರು. ಹೊಗಳಿಕೆ ಇನ್ನಷ್ಟು ಹೆಚ್ಚಿತು. ಬಸವಂತಮ್ಮ ಅವತ್ತು ಭರಣಿಗೆ ಬಟ್ಟೆ ಕಟ್ಟುವಾಗ ದಾರವನ್ನು ಎಷ್ಟು ಬಿಗಿದಳೆಂದರೆ ಬೆರಳಿನಲ್ಲಿ ಗೆರೆ ಮೂಡಿತು.

ಅದಾದ ಮೇಲೆ ಅವಳು ಮಾಡಿದ್ದು ಆ ಮನೆಯಲ್ಲಿ ಯಾರೂ ಮಾಡದ ಕೆಲಸ. ಎಲ್ಲರೂ ಉಂಡು ಅಡ್ಡಾದ ಮೇಲೆ ಕೋಣೆಗೆ ಹೋಗಿ, ಸೌಟನ್ನು ನೀರಿನ ಕೊಡದಲ್ಲಿ ಅದ್ದಿ, ತೊಟ್ಟಿಕ್ಕುವ ಸೌಟನ್ನೇ ಭರಣಿಗೆ ಇಳಿಸಿ ತಳದವರೆಗೆ ತಿರುವಿದಳು. ಕೆಡಲಿ ಎಂದು ಬಯಸಿದಳು. ಒಮ್ಮೆ ಕೆಟ್ಟರೆ ಆ ಕೈಯ ಮಹಿಮೆ ಮುಗಿಯುತ್ತಿತ್ತು, ಕೈ ಅವಳದಾಗುತ್ತಿತ್ತು. ದಿನಾ ಮಧ್ಯಾಹ್ನ ಬಟ್ಟೆ ಬಿಚ್ಚಿ ಬಗ್ಗಿ ನೋಡಿದಳು. ಬೂಸಿಲ್ಲ. ಇನ್ನೊಂದು ಸಲ ಬೊಗಸೆ ನೀರನ್ನೇ ಹಾಕಿದಳು. ಏನೂ ಆಗಲಿಲ್ಲ. ಹಸಿ ಕಾಯಿಯಾಗಿದ್ದರೆ ಕೆಡುತ್ತಿತ್ತೋ ಏನೋ, ಇದು ವರ್ಷವಿಡೀ ಉಪ್ಪಿನಲ್ಲಿ ಮಾಗಿದ ಹುಳಿ. ಆ ನೀರನ್ನೂ ತನ್ನ ಹಾಗೆಯೇ ಹುಳಿ ಮಾಡಿಕೊಂಡು ಸುಮ್ಮನೆ ಕುಳಿತಿತ್ತು. ಅವತ್ತು ಗುರುಶಾಂತಮ್ಮ ಎರಡು ಸಲ ಹಾಕಿಸಿಕೊಂಡು ಉಂಡಳು.

ಎರಡನೆಯ ಸಲ ನೀರು ಹಾಕುವಾಗ ಬಾಗಿಲಲ್ಲಿ ಸೊಸೆ ಭಾಗ್ಯಜ್ಯೋತಿ ನಿಂತಿದ್ದಳು. ಅಕ್ಕಿ ಲಾರಿಗಳ ಹಿಂದೆ ಊರೂರು ತಿರುಗುವ ಮಗನ ಹೆಂಡತಿ, ಮನೆಗೆ ಬಂದು ಒಂದು ವರ್ಷವಾಗಿತ್ತು. ಬಿ.ಎಡ್. ಮಾಡಿದ್ದಳು. ಹತ್ತಿರದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ, ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಅವತ್ತು ಶಾಲೆಗೆ ರಜೆ.

"ನೀರ ಹಾಕಿದ್ರೇನ್ರಿ ಅತ್ತೀ?"

ಬಸವಂತಮ್ಮ ಸೌಟು ಕೆಳಗಿಟ್ಟಳು. "ಹೂಂ ಬೇ. ಹಾಕಿದೆ."

"ನಾ ಯಾರ ಮುಂದೂ ಅನ್ನಂಗಿಲ್ರಿ."

ಯಾಕೆ ಎಂದು ಹುಡುಗಿ ಕೇಳಲಿಲ್ಲ. ಕೇಳದೆಯೇ ಅವಳಿಗೆ ತಿಳಿದಿದೆ ಎಂಬುದು ಬಸವಂತಮ್ಮನಿಗೆ ಇನ್ನಷ್ಟು ಭಾರವಾಯಿತು.

ಎಳ್ಳಮಾವಾಸ್ಯೆ ಹತ್ತಿರ ಬಂತು. ಗಿಡದಲ್ಲಿ ಕಾಯಿ ಹಳದಿಗೆ ತಿರುಗಿತು. ಹೊಸ ಭರಣಿ ಹಾಕುವ ಹೊತ್ತು. ಆಗ ಗುರುಶಾಂತಮ್ಮನೇ ಒಂದು ದಾರಿ ತೆಗೆದಳು. ಬೆಳಿಗ್ಗೆ ಎಲ್ಲರೂ ಅಡುಗೆಮನೆಯಲ್ಲಿದ್ದರು, ಭಾಗ್ಯಜ್ಯೋತಿ ಶಾಲೆಗೆ ಹೊರಟು ಡಬ್ಬಿ ಕಟ್ಟಿಕೊಳ್ಳುತ್ತಿದ್ದಳು.

"ಈ ಸಲ ಭಾಗ್ಯಾ ಕಟ್ಟಲಿ. ಆಕಿದೂ ಹೊಸಾ ಕೈನ. ಬಸವಂತೀ, ನೀ ನಿಶ್ಚಿಂತಿ ರಾಯಚೂರಿಗಿ ಹೋಗು."

"ಆತಲ್ಲ ಮತ್ತ!" ಕೊಟ್ರೇಶ ಚಹಾದ ಕಪ್ಪು ಇಟ್ಟು ಎದ್ದ. "ಇದನ್ನ ಮೊದಲ ಹೇಳಬಾರದ ಯವ್ವಾ?"

"ಮಧ್ಯಾಹ್ನ ನಾ ಸಾಲ್ಯಾಗ ಇರ್ತೀನಲ್ರಿ ಅಜ್ಜೀ," ಭಾಗ್ಯಜ್ಯೋತಿ ಮೆಲ್ಲಗೆ ಹೇಳಿದಳು.

"ಗೆಸ್ಟ್ ಟೀಚರಕಿ ಅಂದ್ರ ಇವತ್ತ ಇರ್ತದ, ನಾಳಿ ಹೋಗ್ತದ. ಭರಣಿ ಮನಿತನದ್ದು ಯವ್ವಾ. ಇನ್ನ ಎಷ್ಟ ದಿನ ಆ ಬಸ್ಸಿಗಿ ಜೋತಬೀಳ್ತೀ?"

ಹುಡುಗಿ ಡಬ್ಬಿಯ ಮುಚ್ಚಳ ಹಾಕಿದಳು. ಮುಚ್ಚಳ ಸರಿಯಾಗಿ ಕೂಡಲಿಲ್ಲ. ತೆಗೆದು ಮತ್ತೆ ಹಾಕಿದಳು. ಬಸವಂತಮ್ಮ ಆ ಕೈಗಳನ್ನೇ ನೋಡುತ್ತಿದ್ದಳು.

ಸಂಜೆ ಗೆಳತಿಗೆ ಫೋನು ಮಾಡಿದಳು. "ಬಾಗಲಾ ತಗದಾರ ಸಂಘೀ. ಆದ್ರ ನಾ ಹೊರಗ ಹೋಗಬೇಕಂದ್ರ ಆ ಹುಡುಗಿನ್ನ ಒಳಗ ಬಿಟ್ಟ ಹೋಗಬೇಕು."

"ಹದಿನೈದ ದಿನ ಅಲ್ಲೇನು?"

"ನಂದೂ ಮೊದಲ ಒಂದ ವರ್ಷದ ಮಾತ ಅಷ್ಟ ಇತ್ತು."

 

ಕಾಯಿ ಕೊಯ್ದದ್ದು ಭಾನುವಾರ. ಈ ಸಲ ಬಸವಂತಮ್ಮ ಒರೆಸುವುದನ್ನು ಅಂಗಳದ ನಡುವೆ, ಅತ್ತೆಯ ಕಣ್ಣೆದುರಿನಲ್ಲೇ ಇಟ್ಟುಕೊಂಡಳು. ಭಾಗ್ಯಜ್ಯೋತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೊಂದು ಕಾಯಿಯನ್ನೂ ತಿರುಗಿಸಿ ತಿರುಗಿಸಿ ಒರೆಸಿದರು. ಮರುದಿನ ಹೆಚ್ಚಿ, ಅರಿಶಿನ ಉಪ್ಪು ಕಲಸಿ ಮೂರು ಭರಣಿಗಳಿಗೆ ತುಂಬಿದ್ದಾಯಿತು. ಸೊಸೆ ಅವತ್ತು ಅದಕ್ಕಾಗಿಯೇ ಶಾಲೆಗೆ ರಜೆ ಹಾಕಿದ್ದಳು. ಗುರುಶಾಂತಮ್ಮ ಮಡಿಸಿದ ಬಿಳಿ ಬಟ್ಟೆಯನ್ನು ಚಾಚಿದಳು. "ಭಾಗ್ಯಾ, ಬಾ ಯವ್ವಾ, ಕಟ್ಟು."

ನಡುವೆ ಬಂದು ಬಟ್ಟೆ ತೆಗೆದುಕೊಂಡದ್ದು ಬಸವಂತಮ್ಮ. ಅದರಿಂದ ತನ್ನ ಉಪ್ಪಿನ ಕೈ ಒರೆಸಿಕೊಂಡಳು. ಮೂರೂ ಭರಣಿಗಳ ಮೇಲೆ ಒಂದೊಂದು ಸ್ಟೀಲ್ ತಾಟು ಮುಚ್ಚಿದಳು. ಆಮೇಲೆ ಹೋದ ವರ್ಷದ ಭರಣಿಯ ಬಟ್ಟೆಯನ್ನೂ ಬಿಚ್ಚಿ ತೆಗೆದಳು.

"ಈ ವರ್ಷ ಕಟ್ಟೂದಿಲ್ರಿ ಅತ್ತೀ. ನಾನೂ ಕಟ್ಟಂಗಿಲ್ಲ, ಆಕಿನೂ ಕಟ್ಟಂಗಿಲ್ಲ. ಉಣ್ಣಾವ್ರು ತಾಟ ಸರಿಸಿ ತಗೊಳ್ಳಲಿ. ಕೈ ಒಣಗಿದ್ರ ಸಾಕು."

ಗುರುಶಾಂತಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ನಿನ್ನ ಇಷ್ಟ ಯವ್ವಾ" ಎಂದು ಕೈ ಊರಿ ಎದ್ದು ಒಳಗೆ ಹೋದಳು.

ಸಂಕ್ರಾಂತಿ ಕಳೆದು ಬಸವಂತಮ್ಮ ರಾಯಚೂರಿನ ಬಸ್ಸು ಹತ್ತಿದಳು. ಜಾಸ್ತಿ ಸೀರೆ ಇಟ್ಟುಕೊಂಡ ಚೀಲ ತೊಡೆಯ ಮೇಲಿತ್ತು. ಅಷ್ಟು ಸೀರೆ ಮಡಿಸಿ ಚೀಲಕ್ಕೆ ಹಾಕಿದ್ದು ಮದುವೆಯಾದ ಮೇಲೆ ಅದೇ ಮೊದಲು.

ತರಬೇತಿಯ ಹಾಲಿನಲ್ಲಿ ಯಾಪಲದಿನ್ನಿ, ಗುಂಜಹಳ್ಳಿ ಕಡೆಯ ಹೆಂಗಸರು ಚಾಪೆಯ ಮೇಲೆ ಕುಳಿತಿದ್ದರು. ಬೋರ್ಡಿನ ಮೇಲೆ ಕಂಚಿಕಾಯಿಯ ಚಿತ್ರ ಬರೆಯಲು ಹೋಗಿ ಚಾಕ್‌ಪೀಸು ಮುರಿಯಿತು. ಗುಂಜಹಳ್ಳಿಯ ಒಬ್ಬಾಕೆ, "ಟೀಚರ್ರೀ, ಅದು ಕಂಚಿಕಾಯೋ ಕುಂಬಳಕಾಯೋ?" ಎಂದಳು. ಹಾಲೆಲ್ಲ ನಕ್ಕಿತು. ಬಸವಂತಮ್ಮನೂ ನಕ್ಕಳು. ಸಂಜೆಯವರೆಗೆ ಮಾತಾಡಿದಳು. ಸಿಪ್ಪೆಯ ಕಹಿ ತೆಗೆಯುವುದು, ಪಾನಕದ ರಸ ಕಾಯಿಸುವುದು, ಒರೆಸುವುದು, ಆರಿಸುವುದು. ಮಡಿಯ ಮಾತು ಒಬ್ಬರೂ ಎತ್ತಲಿಲ್ಲ. ಒರೆಸಿದರೆ ನಿಲ್ಲುತ್ತದೆ ಎಂದರೆ ಹೌದೇನ್ರಿ ಎಂದು ತಲೆಯಾಡಿಸಿದರು, ಅಷ್ಟೆ. ಇಷ್ಟು ಸುಲಭವಾಗಿ ನಂಬುವ ಜನ ಇಷ್ಟು ವರ್ಷ ಎಲ್ಲಿದ್ದರು ಎಂದು ಅವಳಿಗೆ ಅನ್ನಿಸಿತು.

ಆ ದಿನ ಸಂಘಮಿತ್ರಾಳ ಮನೆಯ ಅಡುಗೆಮನೆಯಲ್ಲಿ ಕುಳಿತು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡಳು. ಉಪ್ಪಿನಕಾಯಿ ಬೇಕೇನು ಎಂದು ಸಂಘಮಿತ್ರಾ ಕೇಳಿದರೆ, "ಬ್ಯಾಡ ಬೇ, ಬಾಯಿಗಿ ಒಂದೀಟು ಸುಖ ಇರಲಿ" ಎಂದಳು.

ಮರುದಿನ ಮಧ್ಯಾಹ್ನ ಹಾಲಿನಲ್ಲಿ ಊಟಕ್ಕೆ ಬಿಟ್ಟಾಗ ಕೊಟ್ರೇಶನ ಫೋನು ಬಂತು.

"ಅವ್ವ ನಿನ್ನೆಲಿಂದ ಉಣವಲ್ಲಳು."

"ಭಾಗ್ಯಾ ಉಪ್ಪಿನಕಾಯಿ ಹಾಕಲಿಲ್ಲೇನ್ರಿ?"

"ನಿನ್ನಿ ರಾತ್ರಿ ಹಾಕಿದ್ಳು, ಈಗೂ ಸಾಲಿಗಿ ಹೋಗದ ಕುಂತಾಳ ಪಾಪ. ಅವ್ವ ತಾಟ ಸರಿಸಿಬಿಟ್ಟಳು."

"ಸಿಟ್ಟ ಬಂದದೇನ್ರಿ?"

"ಸಿಟ್ಟಿಲ್ಲ ಬೇ. ಗಂಟಲದಾಗ ಇಳಿಯವಲ್ಲದಂತ. ಬಸವಂತಿ ಕಲಸಾಕತ್ಯಾಳ, ಕರೀಬ್ಯಾಡ ಅಂತ ಆಕಿನ ಅಂತಾಳ ಮತ್ತ. ನೀ ಬಾ ಅಂತ ನಾ ಅನ್ನಂಗಿಲ್ಲ. ವಯಸ್ಸಾಗ್ಯದ ನೋಡು, ಅದಕ ಹೇಳಿದೆ."

ಹಾಲಿನ ಹೊರಗಿನ ಮೆಟ್ಟಿಲ ಮೇಲೆ ಅವಳು ಫೋನು ಹಿಡಿದುಕೊಂಡು ನಿಂತಳು. ಬೈಯುವ ಗಂಡನಾಗಿದ್ದರೆ, ಹಟ ಮಾಡುವ ಅತ್ತೆಯಾಗಿದ್ದರೆ ಎದುರು ಹೇಳಬಹುದಾಗಿತ್ತು. ಕರೆಯಬೇಡ ಎನ್ನುವವಳಿಗೆ ಏನು ಹೇಳುವುದು? ಊಟದ ವೇಳೆಗೆ ಶಾಲೆಯಿಂದ ಬಂದಿದ್ದ ಸಂಘಮಿತ್ರಾ ಎಲ್ಲ ಕೇಳಿ ಅವಳ ತೋಳು ಹಿಡಿದಳು.

"ಹೋಗಬ್ಯಾಡ ಬಸ್ಸೀ. ಇವತ್ತೊಂದಿನ ತಡಿ. ಹಸದ್ರ ಉಣ್ತಾಳ."

"ಉಣ್ಣದಿದ್ರ?"

"ಉಣ್ತಾಳ."

"ಉಣ್ಣದ ಏನರ ಆತಂದ್ರ ನೀ ಬರ್ತೀಯೇನು ಆ ಮನ್ಯಾಗ ಇರಾಕ? ನಾ ಇರಬೇಕು."

ಹೆಂಗಸರು ತಟ್ಟೆ ಹಿಡಿದುಕೊಂಡು ಟೀಚರ್ ಬರ್ರಿ, ಉಣ್ಣಾಕ ಬರ್ರಿ ಎಂದು ಕರೆಯುತ್ತಿದ್ದರು. ಬಸವಂತಮ್ಮ ಅವರ ಕಡೆ ನೋಡದೆ ಗೆಳತಿಯ ಮನೆಗೆ ಹೋಗಿ ಚೀಲ ತೆಗೆದುಕೊಂಡಳು. ಉಟ್ಟು ಬಿಟ್ಟ ಸೀರೆ ಒಂದೇ, ಉಳಿದವು ಮಡಿಕೆ ಬಿಚ್ಚಿರಲಿಲ್ಲ.

ಅವತ್ತು ಸಂಜೆ ಗುರುಶಾಂತಮ್ಮ ಬಸವಂತಮ್ಮನ ಕೈಯಿಂದ ಹಾಕಿಸಿಕೊಂಡು ಉಂಡಳು. ಉಳಿದ ದಿನಗಳಿಗೆ ರಾಯಚೂರಿನವರು ಬೇರೆ ಯಾರನ್ನೋ ಕರೆಸಿದರು.

ಭರಣಿಗೆ ಬಟ್ಟೆ ಮತ್ತೆ ಬರಲಿಲ್ಲ. ಬಸವಂತಮ್ಮ ಅದೊಂದನ್ನು ಬಿಡಲಿಲ್ಲ. ಭಾಗ್ಯಜ್ಯೋತಿ ದಿನಾ ಬೆಳಿಗ್ಗೆ ತಾಟು ಸರಿಸಿ ಡಬ್ಬಿಗೆ ಎರಡು ಹೋಳು ಹಾಕಿಕೊಂಡು ಬಸ್ಸಿಗೆ ಓಡುತ್ತಿದ್ದಳು. ಕೊಟ್ರೇಶ ತಾನೇ ತೆಗೆದುಕೊಳ್ಳುವುದನ್ನು ಕಲಿತ. ಅತ್ತೆಯ ತಾಟಿಗೆ ಮಾತ್ರ ಬಸವಂತಮ್ಮನೇ ಹಾಕಬೇಕು. ಮುಂದಿನ ತರಬೇತಿ ಶ್ರಾವಣದಲ್ಲಿದೆ, ಬರುತ್ತೀಯಾ ಎಂದು ಸಂಘಮಿತ್ರಾ ಫೋನಿನಲ್ಲಿ ಕೇಳಿದಾಗ ಅವಳು ಹೇಳಿದ್ದು ಇಷ್ಟು: "ಈಗ ಬಿಗಿ ಏನೂ ಇಲ್ಲ ಸಂಘೀ. ಹೊಸ್ತಲದತನಕ ಬರ್ತೀನಿ, ಕಾಲ ಮುಂದಕ ಬರವಲ್ಲವು. ಎದೀ ಒಂದೊಂದ ಸಲ ಹಿಡದಂಗ ಆಗ್ತದ."

ಡಾಕ್ಟರಿಗೆ ತೋರಿಸು ಎಂದಳು ಸಂಘಮಿತ್ರಾ. ರಾಯಚೂರಿಗೆ ಹೋಗಬೇಕು, ಒಂದು ದಿನ ಹಿಡಿಯುತ್ತದೆ, ನೋಡೋಣ ಎಂದಳು ಬಸವಂತಮ್ಮ.

ಚೈತ್ರದ ಬಿಸಿಲಿನಲ್ಲಿ ಒಂದು ದಿನ ಬಡಿಸುವ ಮೊದಲು ಅಡುಗೆಮನೆಯ ಕಟ್ಟೆಗೆ ಆತು ಕುಳಿತಳು. ಕಾರಿನಲ್ಲಿ ರಾಯಚೂರಿಗೆ ಕರೆದೊಯ್ಯುವಾಗ ಕಲ್ಲೂರಿನ ಹತ್ತಿರ ಜೀವ ಹೋಯಿತು.

ಐದನೆಯ ದಿನ ಸಂಘಮಿತ್ರಾ ಮತ್ತೆ ಮಾನ್ವಿಗೆ ಹೋದಳು. ಪಡಸಾಲೆಯಲ್ಲೇ ಕುಳಿತಳು. ಅಲ್ಲಿಂದ ಊಟದ ಜಾಗ ಕಾಣುತ್ತಿತ್ತು. ಗುರುಶಾಂತಮ್ಮ ತಾಟಿನ ಮುಂದೆ ಕುಳಿತಿದ್ದಳು, ಅತ್ತು ಅತ್ತು ಕಣ್ಣು ಬಾತಿದ್ದವು. ಭಾಗ್ಯಜ್ಯೋತಿ ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು. ಉಪ್ಪಿನಕಾಯಿಯ ಬಟ್ಟಲು ಕೈಯಲ್ಲಿ ಹಿಡಿದು, ಹಾಕಲೋ ಬೇಡವೋ ಎಂದು ತಿಳಿಯದೆ ನಿಂತಳು.

"ಹಾಕು" ಎಂದಳು ಮುದುಕಿ.

ಹುಡುಗಿ ಒಂದು ಹೋಳು ಹಾಕಿದಳು. ಗುರುಶಾಂತಮ್ಮ ರೊಟ್ಟಿ ಮುರಿದು, ಹೋಳಿಗೆ ಒತ್ತಿ ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು. ನುಂಗಿದಳು. ಇನ್ನೊಂದು ತುತ್ತು ಮುರಿದಳು. ಪಡಸಾಲೆಯಲ್ಲಿ ಸಂಘಮಿತ್ರಾ ನೋಡುತ್ತಿದ್ದಳು. ತುತ್ತು ಇಳಿಯಿತು. ಅದರ ಮುಂದಿನದೂ ಇಳಿಯಿತು.

"ಇನ್ನೊಂದ ಹೋಳ ಹಾಕು ಯವ್ವಾ," ಎಂದಳು ಗುರುಶಾಂತಮ್ಮ.

ಭಾಗ್ಯಜ್ಯೋತಿ ಹಾಕಿದಳು.